ಸರ್ವರ್‌ನ ಅಣ್ಣನ ಹುಟ್ಟುಹಬ್ಬಕ್ಕೆ ಏನು ಮಾಡೋಣ?

ಡೊಂಬಿವಲಿ_ಕ್ರೀಪರ್:
ಎಲ್ಲರಿಗೂ ನಮಸ್ಕಾರ. ನಮ್ಮದು ಮುಂಬೈ, ಪುಣೆ, ಗೋವಾ ಕಡೆಯ ಕನ್ನಡದವರು ಸೇರಿ ನಡೆಸುವ ಸಣ್ಣ ಮೈನ್‌ಕ್ರಾಫ್ಟ್ ಸರ್ವರ್, ಅಂದರೆ ಬ್ಲಾಕ್ ಜೋಡಿಸಿ ಕಟ್ಟುವ ಆ ಆಟವನ್ನು ನಾವು ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವ ಜಾಗ. ಒಟ್ಟು 12 ಜನ. ಅದರಲ್ಲಿ ಒಬ್ಬರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತೇವೆ. ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಾರೆ. ರಾತ್ರಿ ಹೋಟೆಲ್ ಮುಚ್ಚಿ, ಲೆಕ್ಕ ಮುಗಿಸಿ, ಸ್ಲೋ ಲೋಕಲ್ ಹಿಡಿದು ಮನೆ ಸೇರಿದ ಮೇಲೆ ಫೋನಿನಲ್ಲಿ ಆಡಲು ಬರುತ್ತಾರೆ. ಹೊಸಬರು ಯಾರು ಬಂದರೂ ಮೊದಲು ಕೈಗೆ ಬ್ರೆಡ್ ಕೊಟ್ಟು ಕೂರಿಸುವವರು ಇವರೇ, ಆಟದಲ್ಲೂ ಹೋಟೆಲ್ ಬುದ್ಧಿ ಬಿಟ್ಟಿಲ್ಲ ನೋಡಿ. ಬರುವ ಶನಿವಾರ ಅವರ ಹುಟ್ಟುಹಬ್ಬ. ಸರಿಯಾಗಿ 12 ಗಂಟೆಗೆ ವಾಯ್ಸ್ ಚಾನೆಲ್‌ನಲ್ಲಿ ಕೂಗಿ, ಐದು ನಿಮಿಷದಲ್ಲಿ ಎಲ್ಲರೂ ಮಲಗಲು ಹೋಗುವುದು ನನಗೆ ಬೇಡ. ದುಡ್ಡು ಹಾಕಿ ಏನಾದರೂ ಕಳಿಸೋಣ ಅಂದರೆ ಅವರು ಬೈಯುತ್ತಾರೆ. ಆಟದ ಒಳಗೇ ಏನಾದರೂ ಚೆನ್ನಾಗಿ ಮಾಡಬಹುದಾ?

ಹಿಂಜವಡಿ_ಹುಡುಗ:
ಮೊದಲು ಆ 12 ಗಂಟೆ ಬಿಡ್ರೀ. ಆ ಹೊತ್ತಿಗೆ ಅವರು ರೈಲಿನಲ್ಲೇ ಇರುತ್ತಾರೆ, ಶನಿವಾರ ಅಂದರೆ ಹೋಟೆಲಿನಲ್ಲಿ ಗಿರಾಕಿಗಳೂ ಜಾಸ್ತಿ. ವಾರದ ರಜೆ ಯಾವಾಗ ಅಂತ ಕೇಳಿ ಆ ದಿನ ಇಟ್ಟುಕೊಳ್ಳಿ. ಎರಡು ದಿನ ತಡವಾದರೆ ಏನೂ ಆಗಲ್ಲ.

ಕೇಕ್ ಆಟದಲ್ಲೇ ಇದೆಯಲ್ಲ. ಮೂರು ಬಕೆಟ್ ಹಾಲು, ಎರಡು ಸಕ್ಕರೆ, ಒಂದು ಮೊಟ್ಟೆ, ಮೂರು ಗೋಧಿ. ಒಂದು ಕೇಕಿಗೆ ಏಳೇ ತುಂಡು, ಹಾಗಾಗಿ 12 ಜನಕ್ಕೆ ಎರಡು ಬೇಕು. ಹೊಟ್ಟೆ ತುಂಬಿದ್ದರೆ ಆಟ ತಿನ್ನಲು ಬಿಡುವುದಿಲ್ಲ, ಆದ್ದರಿಂದ ಎಲ್ಲರೂ ಸ್ವಲ್ಪ ಓಡಾಡಿ ಹಸಿದುಕೊಂಡು ಬರಲಿ. 2021ರ ಅಪ್‌ಡೇಟ್ ಆದಮೇಲೆ ಕೇಕ್ ಮೇಲೆ ಮೇಣದಬತ್ತಿ ಇಡಬಹುದು. ಒಂದು ಕೇಕಿಗೆ ಒಂದೇ, ಅದೂ ಯಾರೂ ಬಾಯಿ ಹಾಕದ ಪೂರ್ತಿ ಕೇಕ್ ಆಗಿರಬೇಕು. ಯಾರಾದರೂ ಆತುರಕ್ಕೆ ಒಂದು ತುಂಡು ತಿಂದರೆ ಮೇಣದಬತ್ತಿ ಕೆಳಗೆ ಬೀಳುತ್ತದೆ, ಆಮೇಲೆ ಮತ್ತೆ ಇಡಲು ಆಗಲ್ಲ. ಹಚ್ಚುವ ಕೆಲಸ ಕೈ ನಡುಗದವರಿಗೆ ಕೊಡಿ. ಮರದ ಮನೆಯೊಳಗೆ ಗುರಿ ತಪ್ಪಿ ನೆಲಕ್ಕೆ ಬೆಂಕಿ ತಗಲಿದರೆ ಹುಟ್ಟುಹಬ್ಬಕ್ಕೆ ಮನೆಯೇ ಇರಲ್ಲ.

ರೆಡ್‌ಸ್ಟೋನ್_ಅಕ್ಕ:
ಹಾಡು ನನಗೆ ಬಿಡಿ. ಸ್ವರ ನುಡಿಸುವ ನೋಟ್ ಬ್ಲಾಕ್‌ಗಳನ್ನು ಸಾಲಾಗಿ ಇಟ್ಟು, ಸ್ವರಗಳ ನಡುವೆ ಬಿಡುವು ಸಿಗಲು ಸಿಗ್ನಲ್ ತಡಮಾಡಿ ಕಳಿಸುವ ರಿಪೀಟರ್ ಹಾಕಿದರೆ ಗುಂಡಿ ಒತ್ತಿದ ಕೂಡಲೇ ಹಾಡುತ್ತದೆ. ಕೆಳಗೆ ಚಿನ್ನದ ಬ್ಲಾಕ್ ಇಟ್ಟರೆ ಗಂಟೆಯ ದನಿ, ಜೇಡಿಮಣ್ಣು ಇಟ್ಟರೆ ಕೊಳಲು. ನಾನಾದರೆ ಗಂಟೆಯೇ ಇಡುತ್ತೇನೆ. ಆದರೆ ಜಾಗ ಬೇಕು, ಅಣ್ಣನ ಗೋಧಿ ಹೊಲದ ಪಕ್ಕ ಖಾಲಿ ಇದೆಯಲ್ವಾ?

ಪಟಾಕಿ ಬಿಡುವುದಾದರೆ ರಾತ್ರಿ ಬೇಕು. ಆಟದ ಇಡೀ ದಿನವೇ 20 ನಿಮಿಷ, ನಾವು ಕೇಕ್ ತಿಂದು ಹರಟೆ ಹೊಡೆಯುವಷ್ಟರಲ್ಲಿ ಬೆಳಕಾಗಿಬಿಡುತ್ತದೆ. ಅಡ್ಮಿನ್ ಆವತ್ತು ಸೂರ್ಯನನ್ನು ಸ್ವಲ್ಪ ಹೊತ್ತು ತಡೆದಿಡಲಿ. ಇನ್ನೊಂದು, ಬರೀ ಕಾಗದ ಮತ್ತು ಗನ್‌ಪೌಡರ್ ಸೇರಿಸಿದರೆ ರಾಕೆಟ್ ಸುಮ್ನೆ ಮೇಲೆ ಹೋಗುತ್ತದೆ ಅಷ್ಟೇ. ಬಣ್ಣ ಬೇಕಾದರೆ ಡೈ ಹಾಕಿ ಫೈರ್‌ವರ್ಕ್ ಸ್ಟಾರ್ ಮಾಡಿ ಅದನ್ನೂ ಸೇರಿಸಬೇಕು. ಗನ್‌ಪೌಡರ್ ಯಾರ ಪೆಟ್ಟಿಗೆಯಲ್ಲಿ ಇದೆ ಈಗಲೇ ಹೇಳಿ. ಆ ದಿನ ಅದಕ್ಕಾಗಿ ಕ್ರೀಪರ್ (ಕೊಂದರೆ ಗನ್‌ಪೌಡರ್ ಕೊಡುವ ಆಟದ ರಾಕ್ಷಸ) ಹುಡುಕಿಕೊಂಡು ಹೋಗಲು ನನ್ನಿಂದ ಆಗಲ್ಲ.

ಠಾಣೆ_ತಮ್ಮ:
ಕೇಕ್ ಕೆಳಗೆ ಟಿಎನ್‌ಟಿ ಬಾಂಬ್ ಇಡೋಣ ಗುರು 😂

ರೆಡ್‌ಸ್ಟೋನ್_ಅಕ್ಕ:
ತಮ್ಮಾ, ನಿನ್ನ ಹುಟ್ಟುಹಬ್ಬಕ್ಕೆ ಇಡೋಣ.

ವಾಸ್ಕೋ_ವಿಲೇಜರ್:
ಎಲ್ಲರೂ ಕಂಪ್ಯೂಟರ್‌ನಲ್ಲಿ ಕೂತು ಯೋಚಿಸುತ್ತಿದ್ದೀರಿ ಮಾರಾಯ್ರೆ. ಅಣ್ಣ ಬರುವುದು ಫೋನಿನಿಂದ, ಫೋನಿನ ಆಟದವರನ್ನು ಒಳಗೆ ಬಿಡುವ ಗೀಸರ್ ಪ್ಲಗಿನ್ ಮೂಲಕ ನಮ್ಮ ಜಾವಾ (ಕಂಪ್ಯೂಟರ್ ಆವೃತ್ತಿಯ) ಸರ್ವರ್‌ಗೆ. ಅವರದು ಹಳೇ ಫೋನ್, ಕೋಳಿ ಫಾರಂ ಪಕ್ಕ ನಿಂತರೇ ಲ್ಯಾಗ್ ಆಗುತ್ತದೆ. ಒಟ್ಟಿಗೆ ನೂರು ರಾಕೆಟ್ ಹಾರಿಸಿದರೆ ಎಲ್ಲರೂ ನೋಡುತ್ತಾರೆ, ಅವರೊಬ್ಬರೇ ಸರ್ವರ್‌ನಿಂದ ಹೊರಗೆ ಬೀಳುತ್ತಾರೆ. ಒಂದೊಂದಾಗಿ ಬಿಡಿ. ಯಾರಾದರೂ ಹಿಂದಿನ ದಿನ ಫೋನಿನಿಂದ ಲಾಗಿನ್ ಆಗಿ ಎಲ್ಲ ಒಮ್ಮೆ ನೋಡಿ.

ಡಿಸ್ಕಾರ್ಡ್‌ನಲ್ಲಿ ಪೋಸ್ಟರ್ ಹಾಕುವಾಗ ಅವರ ನಿಜವಾದ ಹೆಸರು, ಹುಟ್ಟಿದ ಇಸವಿ, ಹೋಟೆಲಿನ ಹೆಸರು ಯಾವುದೂ ಬೇಡ. ನಮ್ಮ ಚಾನೆಲ್‌ನ ಲಿಂಕ್ ಎಲ್ಲೆಲ್ಲಿ ಓಡಾಡುತ್ತಿದೆಯೋ ಯಾರಿಗೆ ಗೊತ್ತು. ‘ಅಣ್ಣ’ ಅಂತ ಬರೆದರೆ ಸಾಕು.

ನನ್ನ ಕೇಳಿದರೆ ಪೂರ್ತಿ ಗುಟ್ಟಾಗಿ ಮಾಡುವುದೂ ಬೇಡ. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ಬಂದವರಿಗೆ ಹನ್ನೊಂದು ಜನ ಒಮ್ಮೆಲೇ ಮೈಕ್‌ನಲ್ಲಿ ಕೂಗಿದರೆ ಖುಷಿಗಿಂತ ಸುಸ್ತೇ ಜಾಸ್ತಿ ಆಗಬಹುದು. ‘ಸೋಮವಾರ ಸ್ವಲ್ಪ ಬೇಗ ಬನ್ನಿ ಅಣ್ಣ’ ಅಂತ ಹೇಳಿಡಿ. ಯಾಕೆ ಅಂತ ಅವರಿಗೇ ಗೊತ್ತಾಗುತ್ತದೆ.

ಠಾಣೆ_ತಮ್ಮ:
ಸರಿ ಟಿಎನ್‌ಟಿ ವಾಪಸ್. ಹಾಗಾದರೆ ನಾನು ಒಂದು ಹೋಟೆಲ್ ಕಟ್ಟುತ್ತೇನೆ. ಗಲ್ಲಾದಲ್ಲಿ ಆವತ್ತು ಒಬ್ಬ ವಿಲೇಜರ್‌ನನ್ನು (ಆಟದೊಳಗಿನ ಹಳ್ಳಿಯವನನ್ನು) ಕೂರಿಸಿ, ಅಣ್ಣನಿಗೆ ಗಿರಾಕಿ ಕುರ್ಚಿ ಕೊಡೋಣ. ಬಾಗಿಲ ಬಳಿ ಬೋರ್ಡ್ ಹಾಕಿ ಎಲ್ಲರೂ ಒಂದೊಂದು ಸಾಲು ಬರೆಯಿರಿ. ವಾಯ್ಸ್‌ನಲ್ಲಿ ಹೇಳಿದ್ದು ಹೋಗುತ್ತದೆ, ಬೋರ್ಡ್ ಸರ್ವರ್ ಇರುವ ತನಕ ಇರುತ್ತದೆ.

ಡೊಂಬಿವಲಿ_ಕ್ರೀಪರ್:
ತಮ್ಮ, ಇದು ಎಲ್ಲಕ್ಕಿಂತ ಚೆನ್ನಾಗಿದೆ. ಅಣ್ಣನನ್ನು ಕೇಳಿದೆ, ರಜೆ ಸೋಮವಾರವೇ, 9 ಗಂಟೆಗೆ ಬರುತ್ತಾರಂತೆ. ಹಾಲು, ಮೊಟ್ಟೆ ನನ್ನದು. ಗನ್‌ಪೌಡರ್ ನನ್ನ ಹತ್ತಿರ ಸ್ವಲ್ಪವೇ ಇದೆ, ಹಿಂಜವಡಿಯವರೇ ನೀವು ಕೊಡುತ್ತೀರಾ?

ಹಿಂಜವಡಿ_ಹುಡುಗ:
ಒಂದು ಪೆಟ್ಟಿಗೆ ತುಂಬ ಇದೆ. ತಗೊಳ್ಳಿ, ತಮ್ಮನ ಕೈಗೆ ಮಾತ್ರ ಕೊಡಬೇಡಿ.