ಸೇನೆಗೆ ಬದಲು ಕಾಡಿನ ಕೆಲಸ: ಮೆನೊನೈಟರಿಗೆ ಸಂಬಳ ಇತ್ತೇ? ನೀರಿಲ್ಲದೆ ಬೆಂಕಿ ಆರಿಸಿದ್ದು ಹೇಗೆ?

ಪ್ರಶ್ನೆ: ಹಳೆಪುಟ

ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದೂಕು ಹಿಡಿಯಲು ಒಪ್ಪದ ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಯುವಕರನ್ನು ಅಮೆರಿಕ ಸರ್ಕಾರ ಕಾಡಿನ ಕೆಲಸಕ್ಕೆ ಹಚ್ಚಿತ್ತಲ್ಲ, ಅದರ ಬಗ್ಗೆ ಎರಡು ಸಂದೇಹ. ಇವರಿಗೆ ಸರ್ಕಾರಿ ಸಂಬಳ ಇತ್ತು ಅಂತ ಕೆಲವರು, ಬಿಟ್ಟಿ ದುಡಿಮೆ ಅಂತ ಕೆಲವರು ಹೇಳುತ್ತಾರೆ. ಯಾವುದು ಸರಿ? ಇನ್ನೊಂದು, ವಿಮಾನದಿಂದ ಧುಮುಕಿ ಕಾಳ್ಗಿಚ್ಚು ಆರಿಸುತ್ತಿದ್ದರಂತೆ. ಬೆಟ್ಟದ ಮೇಲೆ, ನೀರಿಲ್ಲದೆ, ಇಬ್ಬರೋ ನಾಲ್ವರೋ ಸೇರಿ ಬೆಂಕಿ ಆರಿಸುವುದು ಹೇಗೆ ಸಾಧ್ಯ? ಲೇಖನಕ್ಕೆ ಬೇಕಿತ್ತು. ಗೊತ್ತಿದ್ದವರು ಸ್ವಲ್ಪ ವಿವರವಾಗಿ ಹೇಳಿ.

ಉತ್ತರ: ದಫ್ತರದಾರ

ಬಿಟ್ಟಿ ಅನ್ನುವುದೂ ಕಮ್ಮಿಯೇ, ಕೈಯಿಂದ ಖರ್ಚು ಹಾಕಿ ದುಡಿದರು ಅನ್ನಿ.

1940ರ ಸೆಪ್ಟೆಂಬರಿನಲ್ಲಿ ಬಂದ, ಸೇನೆಗೆ ಕಡ್ಡಾಯ ಭರ್ತಿಯ ಕಾನೂನಿನಲ್ಲೇ ಧರ್ಮದ ಕಾರಣಕ್ಕೆ ಯುದ್ಧ ಒಲ್ಲೆ ಎನ್ನುವವರಿಗೆ ಬೇರೆ ದಾರಿ ಇಟ್ಟಿದ್ದರು. ಅದರಿಂದ ಶುರುವಾಗಿದ್ದು ಸಿವಿಲಿಯನ್ ಪಬ್ಲಿಕ್ ಸರ್ವಿಸ್ (ನಾಗರಿಕ ಸಾರ್ವಜನಿಕ ಸೇವೆ), ಅಂದರೆ ಸಿಪಿಎಸ್. 1941ರ ಮೇ ತಿಂಗಳಿಂದ 1947ರ ತನಕ ಸುಮಾರು 12,000 ಜನ ಇದರಲ್ಲಿ ದುಡಿದರು. 4,600ಕ್ಕೂ ಹೆಚ್ಚು ಮಂದಿ ಮೆನೊನೈಟರು.

ಸಂಬಳ ಸೊನ್ನೆ. ಊಟ, ವಸತಿಗೆ ಒಬ್ಬನಿಗೆ ತಿಂಗಳಿಗೆ 35 ಡಾಲರ್ ಲೆಕ್ಕ. ಅದನ್ನು ಅವನೇ ಕಟ್ಟಬೇಕು, ಇಲ್ಲದಿದ್ದರೆ ಮನೆಯವರು, ಅವರಿಗೂ ಆಗದಿದ್ದರೆ ಅವನ ಚರ್ಚಿನ ಸಭೆ. ಮೆನೊನೈಟ್ ಸೆಂಟ್ರಲ್ ಕಮಿಟಿ ಊರೂರಿನ ಸಭೆಗಳಿಂದ ವಂತಿಗೆ ಎತ್ತಿ ತನ್ನ ಕ್ಯಾಂಪುಗಳನ್ನು ನಡೆಸಿತು. ಹೆಂಗಸರು ಬಾಟಲಿಗೆ ತುಂಬಿ ಕಳಿಸಿದ ಹಣ್ಣು ತರಕಾರಿಯೇ ಅಡುಗೆಮನೆಗೆ ದೊಡ್ಡ ಆಸರೆ. ಹುಡುಗರಿಗೆ ಕೈಖರ್ಚಿಗೆ ಅಂತ ಸಿಗುತ್ತಿದ್ದದ್ದು ತಿಂಗಳಿಗೆ ಎರಡು ಡಾಲರ್ ಆಸುಪಾಸು. 1942ರಲ್ಲಿ ಸಾಮಾನ್ಯ ಸಿಪಾಯಿಯ ಸಂಬಳ 50 ಡಾಲರ್ ಆಗಿತ್ತು, ಹೋಲಿಸಿ ನೋಡಿ. ಹೆಂಡತಿ ಮಕ್ಕಳಿಗೆ ಭತ್ಯೆ ಇಲ್ಲ, ಗಾಯವಾದರೆ ಪರಿಹಾರವೂ ಇಲ್ಲ. ಮದುವೆಯಾದವರಿಗೆ ಹೊಡೆತ ಬಿದ್ದದ್ದು ಇಲ್ಲೇ.

ಆಡಳಿತವೂ ಎರಡು ತಲೆಯದು. ಬೆಳಗ್ಗೆ ಲಾರಿ ಹತ್ತಿದ ಮೇಲೆ ಅರಣ್ಯ ಇಲಾಖೆಯ ಮೇಸ್ತ್ರಿಯ ಮಾತು, ಸಂಜೆ ಇಳಿದ ಮೇಲೆ ಸಭೆ ನೇಮಿಸಿದ ನಿರ್ದೇಶಕನ ಮಾತು. ಎಲ್ಲದರ ಮೇಲೆ ಕುಳಿತವರು ಸೇನಾ ಭರ್ತಿ ಇಲಾಖೆಯ ಮುಖ್ಯಸ್ಥ, ಸೇನಾಧಿಕಾರಿ ಜನರಲ್ ಹರ್ಷಿ. ಹಾಗಾಗಿ ‘ನಾಗರಿಕ’ ಎಂಬ ಹೆಸರಿನ ಬಗ್ಗೆ ಆಗಲೇ ತಕರಾರಿತ್ತು, ಆ ತಕರಾರಿನಲ್ಲಿ ಹುರುಳೂ ಇತ್ತು.

ಉತ್ತರ: ಕಾಡುದಾರಿ

ಧುಮುಕಿದವರ ಕ್ಯಾಂಪ್ ಮೊಂಟಾನಾದ ಮಿಸೂಲಾದಲ್ಲಿತ್ತು, ಸಿಪಿಎಸ್ 103. ಅಮೆರಿಕದ ಅರಣ್ಯ ಇಲಾಖೆ ಈ ಪದ್ಧತಿ ಶುರುಮಾಡಿದ್ದು 1940ರಲ್ಲಿ. ಪಳಗಿದವರು ಯುದ್ಧಕ್ಕೆ ಹೋದದ್ದರಿಂದ 1943ರಿಂದ ಸಿಪಿಎಸ್‌ನವರನ್ನು ತೆಗೆದುಕೊಂಡರು. ಮೂರು ಬೇಸಿಗೆಗಳಲ್ಲಿ ಸುಮಾರು 250 ಜನ. ಮೆನೊನೈಟರ ಜೊತೆ ಬ್ರೆದ್ರನ್, ಕ್ವೇಕರ್ ಮುಂತಾದ, ಯುದ್ಧ ಒಲ್ಲದ ಬೇರೆ ಕ್ರೈಸ್ತ ಪಂಗಡದವರೂ ಇದ್ದರು.

ಗುಟ್ಟು ಇರುವುದು ಸಮಯದಲ್ಲಿ. ಸಿಡಿಲಿನ ಬೆಂಕಿ ಮೊದಲಿಗೆ ಒಂದೇ ಮರದ ಬುಡದಲ್ಲಿ ಹೊಗೆಯಾಡುತ್ತಿರುತ್ತದೆ. ನಡೆದು ಹೋದರೆ ಒಂದೆರಡು ದಿನ, ಅಷ್ಟರಲ್ಲಿ ಅದು ಗುಡ್ಡ ಹಿಡಿದಿರುತ್ತದೆ. ವಿಮಾನದಲ್ಲಾದರೆ ಅದು ಅಂಗಳದಷ್ಟು ಇರುವಾಗಲೇ ತಲುಪಬಹುದು. ಮೊದಲು ಸಣ್ಣ ಪರೀಕ್ಷಾ ಪ್ಯಾರಾಚೂಟ್ ಬಿಟ್ಟು ಗಾಳಿ ಎತ್ತ ಎಳೆಯುತ್ತದೆ ಅಂತ ನೋಡುತ್ತಾರೆ, ಆಮೇಲೆ ಜನ, ಕೊನೆಗೆ ಸಾಮಾನು. ದಪ್ಪ ಕ್ಯಾನ್ವಾಸ್ ಉಡುಪು, ಮುಖಕ್ಕೆ ತಂತಿ ಬಲೆ, ಕಾಲಿನ ಜೇಬಿನಲ್ಲಿ ಹಗ್ಗ. ಮರದಲ್ಲಿ ಸಿಕ್ಕಿಕೊಂಡರೆ ಇಳಿಯಲು ಅದೇ ಹಗ್ಗ.

ನೀರಿನ ಬದಲು ಮಣ್ಣು. ಮುಖ್ಯ ಹತಾರು ಪುಲಾಸ್ಕಿ: ಒಂದೇ ತಲೆ, ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ ಬಾಯಿ. ಜೊತೆಗೆ ಸಲಿಕೆ, ಇಬ್ಬರು ಎಳೆಯುವ ಗರಗಸ. ಜೋರಾಗಿ ಉರಿಯುವ ಜಾಗಕ್ಕೆ ಮೊದಲು ಸಲಿಕೆಯಿಂದ ಮಣ್ಣು ಎರಚಿ ತಣಿಸಬೇಕು. ಆಮೇಲೆ ಸುತ್ತ ಒಂದೂವರೆ, ಎರಡು ಅಡಿ ಅಗಲ ದರಗು, ಹುಲ್ಲು, ಬೇರು ಎಲ್ಲ ಕೆರೆದು ಬರೀ ಮಣ್ಣು ಕಾಣುವ ತನಕ ರೇಖೆ ತೆಗೆಯಬೇಕು. ನಮ್ಮ ಅರಣ್ಯ ಇಲಾಖೆ ಬೇಸಿಗೆಗೆ ಮೊದಲೇ ಮಾಡಿಡುವ ಬೆಂಕಿ ರೇಖೆ ಬೇರೆ. ಇದನ್ನು ತೆಗೆಯುವುದು ಬೆಂಕಿ ಹತ್ತಿದ ಮೇಲೆ.

ಕೆಡುವುದು ಎರಡು ಕಡೆ. ಒಂದು, ಬೇರು ಕತ್ತರಿಸದೆ ಮೇಲಷ್ಟೇ ಕೆರೆದರೆ ಬೆಂಕಿ ಬೇರಿನೊಳಗೇ ತೆವಳಿ ರೇಖೆಯ ಆಚೆ ಏಳುತ್ತದೆ, ಅದೂ ತಡವಾಗಿ, ಎಲ್ಲ ಮುಗಿಯಿತು ಅಂದುಕೊಂಡಾಗ. ಇನ್ನೊಂದು ಇಳಿಜಾರು. ಉರಿಯುವ ಪೈನ್ ಕಾಯಿ, ತುಂಡು ಉರುಳಿ ರೇಖೆ ದಾಟಿದರೆ ಕೆಳಗಿನಿಂದ ಹೊಸ ಬೆಂಕಿ ಮೇಲಕ್ಕೆ ನುಗ್ಗುತ್ತದೆ. ಅದಕ್ಕೆ ಕೆಳಬದಿಯ ರೇಖೆಯನ್ನು ಕಾಲುವೆಯಂತೆ ಆಳ ಮಾಡಿ, ತೆಗೆದ ಮಣ್ಣನ್ನು ಆಚೆ ಅಂಚಿಗೆ ದಂಡೆಯಾಗಿ ಕಟ್ಟಬೇಕು.

ಹಳೆಪುಟ

ಇಬ್ಬರಿಗೂ ಧನ್ಯವಾದ. ಈ ಏರ್ಪಾಡು ಅಮೆರಿಕದಲ್ಲೇ ಮೊದಲೇ? ಕೆನಡಾದಲ್ಲೂ ಹೀಗೇ ಇತ್ತೇ?

ಉತ್ತರ: ನೀಲಗಿರಿತೋಪು

ಮೊದಲಲ್ಲ. ರಷ್ಯಾದಲ್ಲಿ 1874ರ ಭರ್ತಿ ಕಾನೂನು ಬಂದಾಗ ಸುಮಾರು 18,000 ಮೆನೊನೈಟರು ಉತ್ತರ ಅಮೆರಿಕಕ್ಕೆ ವಲಸೆ ಹೊರಟರು. ಉಳಿದವರು ಹೋಗದಿರಲಿ ಅಂತ ಚಕ್ರವರ್ತಿ ಜನರಲ್ ಟೊಟ್ಲೆಬೆನ್‌ನನ್ನು ಮಾತುಕತೆಗೆ ಕಳಿಸಿದ. ಕೊನೆಗೆ ಒಪ್ಪಿದ್ದು ಅರಣ್ಯ ಸೇವೆಗೆ. 1880ರ ದಶಕದ ಆರಂಭದಿಂದ ದಕ್ಷಿಣದ ಹುಲ್ಲುಗಾವಲಿನಲ್ಲಿ, ಈಗಿನ ಉಕ್ರೇನಿನ ವೆಲಿಕೊ-ಅನಾದೊಲ್ ಮುಂತಾದ ಕಡೆ, ಮರ ನೆಟ್ಟು ಬೆಳೆಸುವ ಕೆಲಸ. ಅವಧಿ ನಾಲ್ಕು ವರ್ಷ. ಸರ್ಕಾರ ಕೊಟ್ಟದ್ದು ದಿನಕ್ಕೆ 20 ಕೊಪೆಕ್ (ನೂರು ಕೊಪೆಕ್‌ಗೆ ಒಂದು ರೂಬಲ್). ಬಿಡಾರ, ಊಟ, ಬಟ್ಟೆ ಎಲ್ಲ ಸಮುದಾಯದ ತಲೆಗೆ. ಹಣದ ವಿಷಯದಲ್ಲಿ ಸಿಪಿಎಸ್‌ಗೆ ಇದು ಅಣ್ಣ.

ಕೆನಡಾದಲ್ಲಿ ಸರ್ಕಾರವೇ ದಿನಕ್ಕೆ 50 ಸೆಂಟ್ ಕೊಡುತ್ತಿತ್ತು. 1942ರಿಂದ ಬ್ರಿಟಿಷ್ ಕೊಲಂಬಿಯಾದ ಅರಣ್ಯ ಇಲಾಖೆಗೆ ತುಂಬಾ ಜನರನ್ನು ಕಳಿಸಿದರು. ವ್ಯಾಂಕೂವರ್ ದ್ವೀಪದಲ್ಲಿ 1938ರ ಬೆಂಕಿಗೆ ಸುಟ್ಟುಹೋದ ಜಾಗದಲ್ಲಿ ಒಣಗಿ ನಿಂತ ಮರ ಉರುಳಿಸಿ, ಡಗ್ಲಸ್ ಫರ್ ಎಂಬ ಸೂಜಿ ಎಲೆಯ ಮರದ ಸಸಿ ನೆಡುವುದು. ಒಣಮರ ಉರುಳಿಸಲೇಬೇಕಿತ್ತು: ಸಿಡಿಲು ಹೊಡೆಯುವುದು ಅದಕ್ಕೇ, ತುದಿ ಹತ್ತಿಕೊಂಡರೆ ಕಿಡಿ ದೂರ ದೂರ ಹಾರುತ್ತದೆ. 6 ಅಡಿಗೊಂದು ಸಸಿ ಅಂದರೆ ಎಕರೆಗೆ 1,210 ಗುಂಡಿ. ಅವಸರದಲ್ಲಿ ಗುಂಡಿ ಆಳವಾಗದಿದ್ದರೆ ಬೇರಿನ ತುದಿ ಮಡಚಿ ಮೇಲಕ್ಕೆ ತಿರುಗುತ್ತದೆ. ಸುತ್ತಲಿನ ಮಣ್ಣನ್ನು ಹಿಮ್ಮಡಿಯಿಂದ ತುಳಿಯದಿದ್ದರೆ ಒಳಗೆ ಗಾಳಿ ನಿಂತು ಬೇರು ಒಣಗುತ್ತದೆ. ಸಸಿ ಕೆಲಕಾಲ ಹಸಿರಾಗೇ ಕಾಣುವುದರಿಂದ ಮೇಸ್ತ್ರಿಗಳು ಅಲ್ಲಲ್ಲಿ ಎಳೆದು ನೋಡುವುದು. ಸಲೀಸಾಗಿ ಕಿತ್ತು ಬಂದರೆ ಮತ್ತೆ ನೆಡಬೇಕು.

ಉತ್ತರ: ಕಾಡುದಾರಿ

ಹಳೆಪುಟ ಅವರೇ, ಒಂದು ಬಿಟ್ಟುಹೋಯಿತು. ರೇಖೆ ಮುಗಿದರೆ ಬೆಂಕಿ ನಿಂತಿತು ಅಷ್ಟೇ, ಆರಿಲ್ಲ. ಆಮೇಲೆ ಬೂದಿಯನ್ನು ಗುದ್ದಲಿಯಿಂದ ಕೆದಕಿ, ಹಸಿಮಣ್ಣು ಬೆರೆಸಿ, ಕೈಯ ಹಿಂಬದಿಯಿಂದ ಮುಟ್ಟಿ ಮುಟ್ಟಿ ನೋಡಬೇಕು. ಹಿಂಬದಿಗೆ ಬಿಸಿ ಬೇಗ ಗೊತ್ತಾಗುತ್ತದೆ, ಅಂಗೈ ಸುಟ್ಟುಕೊಂಡರೆ ಹತಾರು ಹಿಡಿಯಲಾಗದು. ಕೆಂಡವನ್ನು ಬರೀ ಮಣ್ಣಲ್ಲಿ ಹೂತು ಬರಬಾರದು, ಒಳಗೇ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಎಲ್ಲ ತಣ್ಣಗಾದ ಮೇಲೆ ಪ್ಯಾರಾಚೂಟ್ ಸಮೇತ ನೂರು ಪೌಂಡಿನ ಆಸುಪಾಸಿನ ಹೊರೆ ಹೊತ್ತು ದಾರಿ ಸಿಗುವ ತನಕ ನಡಿಗೆ.