ಸಿಆರ್‌ಟಿ ಶೇಡರ್ ಹಾಕಿದ್ರೆ ಸ್ಕ್ರೀನ್ ಕತ್ತಲು, ಮೇಲಿಂದ ಬಣ್ಣದ ಪಟ್ಟೆ ಬೇರೆ. ಏನ್ ಮಾಡೋದು?

ಬಸವನಗುಡಿ_16ಬಿಟ್
ಎಲ್ರಿಗೂ ನಮಸ್ಕಾರ. ಲ್ಯಾಪ್‌ಟಾಪಿಂದ ಎಚ್‌ಡಿಎಂಐ ಎಳೆದು ಹಾಲ್‌ನಲ್ಲಿರೋ 43 ಇಂಚ್ ಟಿವೀಲಿ ರೆಟ್ರೊಆರ್ಕ್ (ಹಳೇ ಗೇಮ್ ಆಡಿಸೋ ಸಾಫ್ಟ್‌ವೇರ್) ಹಾಕ್ಕೊಂಡು ಸೆಗಾದ ಹಳೇ ಕನ್ಸೋಲ್ ಮೆಗಾ ಡ್ರೈವ್ ಗೇಮ್ಸ್ ಆಡ್ತಿದೀನಿ. ಶೇಡರ್ ಇಲ್ದೆ ಆಡಿದ್ರೆ ಪಿಕ್ಸೆಲ್‌ಗಳು ಕಣ್ಣಿಗೆ ಚುಚ್ಚುತ್ವೆ ಅಂತ ಚಿತ್ರಾನ ಹಳೇ ಪಿಕ್ಚರ್ ಟ್ಯೂಬ್ (ಸಿಆರ್‌ಟಿ) ಟಿವಿ ಥರ ಮಾಡೋ ಶೇಡರ್, ಅಂದ್ರೆ ಫಿಲ್ಟರ್, ಸಿಆರ್‌ಟಿ ಗೆಸ್ಟ್ ಅಡ್ವಾನ್ಸ್ಡ್ ಹಾಕಿದೆ. ಅದರಲ್ಲಿ ಮಾಸ್ಕ್ (ಹಳೇ ಟಿವಿ ಪರದೆಯ ಸಣ್ಣ ಸಣ್ಣ ಬಣ್ಣದ ಪಟ್ಟಿಗಳ ನಕಲು) ಆನ್ ಮಾಡಿದ ತಕ್ಷಣ ಸೋನಿಕ್‌ನ ಗ್ರೀನ್ ಹಿಲ್ ಸಂಜೆ ಏಳು ಗಂಟೆ ಆದಂಗೆ ಕಾಣತ್ತೆ, ಜೊತೆಗೆ ಉದ್ದುದ್ದಕ್ಕೆ ತೆಳು ಹಸಿರು, ಗುಲಾಬಿ ಪಟ್ಟೆಗಳು ಬರ್ತಿವೆ. ಶೇಡರ್‌ನ ಬ್ರೈಟ್ ಬೂಸ್ಟ್ ಜಾಸ್ತಿ ಮಾಡಿದ್ರೆ ಮೋಡ ಎಲ್ಲಾ ಬರೀ ಬಿಳಿ, ಡೀಟೇಲೇ ಇಲ್ಲ. ಯಾವ ಮಾಸ್ಕ್ ಇಡ್ಬೇಕು, ಬ್ರೈಟ್‌ನೆಸ್ ಎಲ್ಲಿಂದ ತರ್ಬೇಕು?

ಎಸ್ಪಿ_ರೋಡ್_ಸುಬ್ಬಣ್ಣ
ಗುರು, ಮೊದ್ಲು ಶೇಡರ್ ಮುಟ್ಬೇಡ, ಟಿವಿ ರಿಮೋಟ್ ತಗೋ. ಪಟ್ಟೆ ಬರ್ತಿರೋದು ಟಿವಿ ಚಿತ್ರಾನ ಹಿಗ್ಗಿಸ್ತಾ ಇರೋದ್ರಿಂದ. ಓವರ್‌ಸ್ಕ್ಯಾನ್ ಅಂತ ಅಂಚು ಕತ್ತರಿಸಿ ಸ್ವಲ್ಪ ದೊಡ್ಡದು ಮಾಡತ್ತೆ, ಸಿನಿಮಾ ನೋಡುವಾಗ ಗೊತ್ತೇ ಆಗಲ್ಲ, ಆದ್ರೆ ಮಾಸ್ಕ್ ಅನ್ನೋದು ಒಂದೊಂದೇ ಪಿಕ್ಸೆಲ್ ಲೆಕ್ಕದಲ್ಲಿ ಇರೋದಲ್ವಾ, ಒಂದು ಪಿಕ್ಸೆಲ್ ಆಚೀಚೆ ಆದ್ರೂ ಪಟ್ಟೆ ಎದ್ದು ಬಿಡತ್ತೆ. ಪಿಕ್ಚರ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, 1:1 ಅಂತ ಏನಾದ್ರೂ ಇರತ್ತೆ, ಅದಕ್ಕೆ ಹಾಕು. ಶಾರ್ಪ್‌ನೆಸ್ ಸೊನ್ನೆಗೆ ಇಳಿಸು (ಕೆಲವು ಟಿವೀಲಿ ಮಧ್ಯದಲ್ಲಿರೋದೇ ನ್ಯೂಟ್ರಲ್, ನೋಡ್ಕೊ).

ಆಮೇಲೆ ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರು ಪಿಸಿ ಅಂತ ಬದಲಾಯಿಸು, ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಆರ್‌ಜಿಬಿ ಅಥವಾ 4:4:4 (ಪ್ರತಿ ಪಿಕ್ಸೆಲ್‌ಗೂ ಪೂರ್ತಿ ಬಣ್ಣದ ಮಾಹಿತಿ) ಇದ್ಯಾ ನೋಡು. 4:2:0 ಇದ್ರೆ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣದ ಮಾಹಿತಿ ಹೋಗೋದು, ಅಲ್ಲಿಗೆ ನಿನ್ನ ಹಸಿರು-ಗುಲಾಬಿ ಮಾಸ್ಕ್ ಕಲಸಿ ಬೂದಿ ಬಣ್ಣ ಆಗತ್ತೆ. ಕತ್ತಲು ಉಳಿಯತ್ತೆ, ಮಾಸ್ಕ್ ಇರಲ್ಲ.

ಅಂದ ಹಾಗೆ ಪ್ಯಾನೆಲ್ ರೆಸೊಲ್ಯೂಷನ್ ಎಷ್ಟು? 1366x768 ಆಗಿದ್ರೂ ಎಷ್ಟೋ ಟಿವಿಗಳು 1080ಪಿ ಸಿಗ್ನಲ್ ತಗೋತವೆ. ಹಂಗಿದ್ರೆ ಮಾಸ್ಕ್ ಆಸೆ ಬಿಟ್ಬಿಡು.

ಬಸವನಗುಡಿ_16ಬಿಟ್
ಡಬ್ಬದ ಮೇಲೆ 1920x1080 ಅಂತಾನೇ ಇದೆ ಸರ್. ಜಸ್ಟ್ ಸ್ಕ್ಯಾನ್ ಹಾಕಿದೆ, ಪಟ್ಟೆ ಮುಕ್ಕಾಲು ಪಾಲು ಹೋಯ್ತು! ಮೂಲೆಗಳ ಹತ್ರ ಮಾತ್ರ ಇನ್ನೂ ಅಲೆ ಅಲೆ ಇದೆ. ಕತ್ತಲು ಹಂಗೇ ಇದೆ.

ಫಾಸ್ಫರ್_ಪಾಪು
ಮೂಲೇಲಿ ಅಲೆ ಅಂದ್ರೆ ಕರ್ವೇಚರ್ (ಹಳೇ ಟಿವಿ ಗಾಜಿನ ಥರ ಚಿತ್ರ ಬಾಗಿಸೋದು) ಆನ್ ಇದೆ, ಆಫ್ ಮಾಡಿ. ಸ್ಕ್ಯಾನ್‌ಲೈನ್ (ಹಳೇ ಟಿವಿ ಥರ ಬರೋ ಅಡ್ಡ ಕಪ್ಪು ಗೆರೆ) ಒಂದು ದಪ್ಪ ಒಂದು ಸಣ್ಣ ಕಂಡ್ರೆ ಇಂಟಿಜರ್ ಸ್ಕೇಲ್ ಹಾಕಿ, ಅಂದ್ರೆ ಚಿತ್ರಾನ ಪೂರ್ಣ ಸಂಖ್ಯೆ ಪಟ್ಟು ಮಾತ್ರ ದೊಡ್ಡದು ಮಾಡೋದು. ಮೆಗಾ ಡ್ರೈವ್ 224 ಗೆರೆ, ಐದು ಪಟ್ಟು ಮಾಡಿದ್ರೆ 1120, ಅಂದ್ರೆ 1080ರ ಸ್ಕ್ರೀನಲ್ಲಿ ಗೇಮ್‌ನ ಮೇಲಿನ ನಾಲ್ಕು ಕೆಳಗಿನ ನಾಲ್ಕು ಗೆರೆ ಕಟ್ ಆಗತ್ತೆ ಅಷ್ಟೆ, ಹಳೇ ಟಿವಿಗಳೂ ಅಂಚು ನುಂಗ್ತಾನೇ ಇದ್ವು.

ಕತ್ತಲಿನ ಲೆಕ್ಕ ಇಷ್ಟೆ. ಕೆಂಪು-ಹಸಿರು-ನೀಲಿ ಮಾಸ್ಕ್ ಪೂರ್ತಿ ಸ್ಟ್ರೆಂತ್‌ನಲ್ಲಿ ಇಟ್ರೆ ಪ್ರತಿ ಪಿಕ್ಸೆಲ್ಲಲ್ಲೂ ಮೂರರಲ್ಲಿ ಒಂದೇ ಬಣ್ಣ ಉರಿಯೋದು, ಬೆಳಕು ಮೂರನೇ ಒಂದು ಭಾಗ. ಅದರ ಮೇಲೆ ಸ್ಕ್ಯಾನ್‌ಲೈನ್ ಅರ್ಧ ತಿಂದ್ರೆ ಆರನೇ ಒಂದು. 300 ನಿಟ್ಸ್ (ಬೆಳಕಿನ ಅಳತೆ) ಟಿವಿ 50ಕ್ಕೆ ಇಳೀತು. ಬ್ರೈಟ್ ಬೂಸ್ಟ್ ಇಲ್ಲದ ಬೆಳಕನ್ನ ಹುಟ್ಸಲ್ಲ, ಬಿಳೀನ ಇನ್ನೂ ಬಿಳಿ ಮಾಡಕ್ಕಾಗ್ದೆ ಪಕ್ಕದ ಬಣ್ಣಗಳನ್ನೂ ಬಿಳಿಗೆ ತಳ್ಳತ್ತೆ, ನಿಮ್ಮ ಮೋಡ ಹೋಗಿದ್ದು ಅದಕ್ಕೇ. ಬೆಳಕು ಬರ್ಬೇಕಾಗಿರೋದು ಬ್ಯಾಕ್‌ಲೈಟಿಂದ. ಎಕೋ ಮೋಡ್ ತೆಗೀರಿ, ಬ್ಯಾಕ್‌ಲೈಟ್ ಫುಲ್ ಇಡಿ. ಬ್ರೈಟ್‌ನೆಸ್ ಅಂತ ಇರೋದು ಬಹುಪಾಲು ಟಿವೀಲಿ ಕಪ್ಪಿನ ಮಟ್ಟ, ಅದನ್ನ ಏರಿಸ್ಬೇಡಿ. ಮಾಸ್ಕ್‌ಗೆ ಹಸಿರು-ಗುಲಾಬಿ ಎರಡು ಪಿಕ್ಸೆಲ್ಲಿಂದು ಸಾಕು, ಅದು ಅರ್ಧ ಬೆಳಕು ಮಾತ್ರ ತಿನ್ನತ್ತೆ, ಸ್ಟ್ರೆಂತ್ ನೂರಕ್ಕೆ ನಲವತ್ತು ಐವತ್ತರಿಂದ ಶುರು ಮಾಡಿ. ಬ್ಲ್ಯಾಕ್ ಫ್ರೇಮ್ ಇನ್ಸರ್ಷನ್ (ಚಿತ್ರಗಳ ಮಧ್ಯೆ ಕಪ್ಪು ಫ್ರೇಮ್ ತೂರಿಸೋದು) ಆನ್ ಇದ್ರೆ ಅದೂ ಅರ್ಧ ನುಂಗತ್ತೆ.

ಆಂಟೆನಾ_ತಿರುಗ್ಸೋನು
ಎಲ್ಲಾ ಸರಿ, ಆದ್ರೆ ಮಾಸ್ಕ್ ಮಾಸ್ಕ್ ಅಂತ ಎಲ್ಲರೂ ಯಾಕೆ ಸಾಯ್ತೀರ ಅಂತ ನಂಗೆ ಅರ್ಥ ಆಗಲ್ಲ. ನಮ್ಮನೇಲಿದ್ದಿದ್ದು ಬಿಪಿಎಲ್ ಟಿವಿ, ಗೇಮ್ ಹಾಕ್ತಿದ್ದಿದ್ದು ಆಂಟೆನಾ ಪಿನ್ನಿಗೆ, ಚಾನೆಲ್ ಟ್ಯೂನ್ ಮಾಡಿ ಗೊರ್ ಅನ್ನೋ ಚಿತ್ರದಲ್ಲೇ ಆಡಿದ್ದು. ಮಾಸ್ಕ್ ಎಲ್ಲಿ ಕಾಣ್ತಿತ್ತು, ಕಲಸಿಹೋದ ಬಣ್ಣ ಕಾಣ್ತಿತ್ತು. ಗ್ರೀನ್ ಹಿಲ್ ಜಲಪಾತಾನೇ ನೋಡಿ, ಗೇಮಲ್ಲಿ ಅದು ಬರೀ ಉದ್ದ ಗೆರೆಗಳು, ಕಾಂಪೊಸಿಟ್ ಕೇಬಲ್‌ನಲ್ಲಿ (ಪೂರ್ತಿ ಚಿತ್ರ ಒಂದೇ ತಂತೀಲಿ ಹೋಗೋ ಹಳದಿ ಪಿನ್ನಿಂದು) ಆ ಗೆರೆ ಕಲೆತು ನೀರಿನ ಹಿಂದೆ ಇರೋದು ಕಾಣೋ ಹಾಗೆ ಆಗ್ತಿತ್ತು. ಸೋನಿ ಟ್ರಿನಿಟ್ರಾನ್ ಟಿವೀದು ಉದ್ದ ತಂತಿಯ ಅಪರ್ಚರ್ ಗ್ರಿಲ್, ನಮ್ಮ ಥರದವರ ಮನೆ ಟಿವೀಲಿ ಸಾಮಾನ್ಯವಾಗಿ ಇದ್ದಿದ್ದು ಸ್ಲಾಟ್ ಮಾಸ್ಕ್ (ತುಂಡು ತುಂಡು ಸೀಳುಗಳಿರೋದು), 1080ಪಿಯಲ್ಲಿ ಅದು ಸರಿಯಾಗಿ ಮೂಡೋಕೆ ಪಿಕ್ಸೆಲ್ಲೇ ಸಾಲಲ್ಲ. ಮಾಸ್ಕ್ ಆಫ್ ಮಾಡಿ, ಸ್ಕ್ಯಾನ್‌ಲೈನ್ ಹಗುರ ಇಟ್ಟು ಗೆಸ್ಟ್‌ ಶೇಡರ್‌ನ ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್ ಕಡೆ ಇದ್ದ ಹಳೇ ಟಿವಿ ಸಿಗ್ನಲ್ ಪದ್ಧತಿ) ಪ್ರೀಸೆಟ್ ಹಾಕಿ ನೋಡಿ. ನಮ್ದು ಪಾಲ್ ಅನ್ನೋ ಬೇರೆ ಪದ್ಧತಿಯ ದೇಶ ಅಂತ ಜಗಳಕ್ಕೆ ಬರ್ಬೇಡಿ, ಕಲಸೋ ಕೆಲಸ ಅದೂ ಮಾಡತ್ತೆ.

ಫಾಸ್ಫರ್_ಪಾಪು
ಅಣ್ಣಾ, ಮಾಸ್ಕ್ ಕಣ್ಣಿಗೆ ಕಾಣ್ಬೇಕು ಅಂತ ಅಲ್ಲ, ಎರಡು ಮೀಟರ್ ದೂರ ಕೂತಾಗ ಕರಗಿಹೋಗ್ಬೇಕು ಅಂತಾನೇ ಅದನ್ನ ಇಡೋದು. ಮೂಗು ಸ್ಕ್ರೀನಿಗೆ ಹಚ್ಕೊಂಡು ಟ್ಯೂನ್ ಮಾಡ್ಬಾರ್ದು ಅಷ್ಟೆ. ಜಲಪಾತದ ಮಾತು ಒಪ್ಪಿದೆ.

ಬಸವನಗುಡಿ_16ಬಿಟ್
ಎಕೋ ಮೋಡ್ ಆನ್ ಇತ್ತು ಸಾರ್ 😅 ತೆಗೆದು ಬ್ಯಾಕ್‌ಲೈಟ್ ಫುಲ್ ಮಾಡಿ, ಎರಡು ಪಿಕ್ಸೆಲ್ ಮಾಸ್ಕ್ ನಲವತ್ತಕ್ಕೆ ಇಟ್ಟಿದೀನಿ, ಮೋಡ ವಾಪಸ್ ಬಂತು. ಎನ್‌ಟಿಎಸ್‌ಸಿ ಪ್ರೀಸೆಟ್ ಹಾಕಿದ್ರೆ ಲ್ಯಾಪ್‌ಟಾಪ್ ಫ್ಯಾನ್ ಕಿರುಚಕ್ಕೆ ಶುರು ಮಾಡತ್ತೆ, ಇನ್‌ಬಿಲ್ಟ್ ಗ್ರಾಫಿಕ್ಸು. ಅದಕ್ಕಿಂತ ಹಗುರ ಯಾವುದಿದೆ?

ಎಸ್ಪಿ_ರೋಡ್_ಸುಬ್ಬಣ್ಣ
ಝಡ್‌ಫಾಸ್ಟ್ ಸಿಆರ್‌ಟಿ ಹಾಕು. ಜಲಪಾತ ಕಲೆಯಲ್ಲ, ಆದ್ರೆ ಫ್ಯಾನ್ ಸುಮ್ನಿರತ್ತೆ.