ಸಪೋರ್ಟ್ ವರ್ಕರ್‌ಗಳಿಗೆ ಇಂಪೇರ್‌ಮೆಂಟ್ ವಿಷಯ ಹೇಗೆ ಕಲಿಸಿದಿರಿ? ಎನ್‌ಡಿಐಎಸ್ ಕೆಲಸದಲ್ಲಿರುವವರು ಅನುಭವ ಹೇಳಿ

ಕೇಳಿದವರು: ಟೀಮ್ ಲೀಡರ್, ಮೆಲ್ಬರ್ನ್

ಎಲ್ಲರಿಗೂ ನಮಸ್ಕಾರ. ನಮ್ಮದು ಅಂಗವಿಕಲರಿಗೆ ಸೇವೆ ಕೊಡುವ ಸಣ್ಣ ಸಂಸ್ಥೆ. ಸಪೋರ್ಟ್ ವರ್ಕರ್‌ಗಳಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರೇ ಜಾಸ್ತಿ, ಓದುತ್ತಾ ಕೆಲಸ ಮಾಡುವವರು. ಆಸ್ಟ್ರೇಲಿಯಾದ ಎನ್‌ಡಿಐಎಸ್ (ಅಂಗವಿಕಲರ ಸಪೋರ್ಟ್‌ಗೆ ಸರ್ಕಾರ ಹಣ ಕೊಡುವ ಸ್ಕೀಮ್) ಕಾನೂನು ಬದಲಾದ ಮೇಲೆ, ನಾವು ಕೊಡುವ ಸಪೋರ್ಟ್‌ಗೂ ಆ ವ್ಯಕ್ತಿಯ ಇಂಪೇರ್‌ಮೆಂಟ್‌ಗೂ (ದೇಹ ಅಥವಾ ಮನಸ್ಸಿನ ಕೆಲಸದಲ್ಲಿರುವ ಕೊರತೆ) ಏನು ಸಂಬಂಧ ಅನ್ನೋದು ವರ್ಕರ್ ಶಿಫ್ಟ್ ಆದ ಮೇಲೆ ಬರೆಯುವ ನೋಟ್‌ನಲ್ಲಿ ಕಾಣಬೇಕು. ಸ್ಲೈಡ್ ತೋರಿಸಿ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಮಾರನೇ ದಿನದ ನೋಟ್‌ನಲ್ಲಿ ಮತ್ತೆ "ಶಾಪಿಂಗ್‌ಗೆ ಹೋದೆವು, ಖುಷಿಯಾಗಿದ್ದರು" ಅಷ್ಟೇ. ನೀವು ಹೇಗೆ ಕಲಿಸಿದಿರಿ?

ಸಪೋರ್ಟ್ ಕೋಆರ್ಡಿನೇಟರ್, ಅಡಿಲೇಡ್

ಕಾನೂನಿನ ಭಾಗವನ್ನು ಬೇಗ ಮುಗಿಸಿಬಿಡಿ. ಮೂಲ ಕಾಯ್ದೆ 2013ರದ್ದು. ಈಗಿನ ತಿದ್ದುಪಡಿ 2024ರ ಅಕ್ಟೋಬರ್ 3ರಿಂದ ಜಾರಿಯಲ್ಲಿದೆ. ವರ್ಕರ್‌ಗೆ ಗೊತ್ತಿರಬೇಕಾದ್ದು ಎರಡೇ. ಈ ಸಹಾಯ ಎನ್‌ಡಿಐಎಸ್ ಕೊಡಬಹುದಾದ ಸಪೋರ್ಟ್‌ಗಳ ಪಟ್ಟಿಯಲ್ಲಿ ಇದೆಯಾ? ಯಾವ ಇಂಪೇರ್‌ಮೆಂಟ್ ಮೇಲೆ ಆ ವ್ಯಕ್ತಿಯನ್ನು ಸ್ಕೀಮ್‌ಗೆ ಸೇರಿಸಿಕೊಂಡರೋ, ಈ ಅಗತ್ಯ ಹುಟ್ಟಿದ್ದು ಅದರಿಂದಲೇನಾ? 2025ರ ಜನವರಿ 1ರಿಂದ ಹೊಸದಾಗಿ ಸೇರುವವರಿಗೆ ಇಂಪೇರ್‌ಮೆಂಟ್ ನೋಟಿಸ್ ಕೊಡುತ್ತಾರೆ. ಬೌದ್ಧಿಕ, ಅರಿವಿನ, ನರಸಂಬಂಧಿ, ಇಂದ್ರಿಯ, ದೈಹಿಕ, ಸೈಕೋಸೋಶಿಯಲ್ (ಮಾನಸಿಕ ಆರೋಗ್ಯದ ಸಮಸ್ಯೆಯಿಂದ ಬರುವುದು) ಎಂಬ ಆರು ಬಗೆಗಳಲ್ಲಿ ಯಾವುದು ಅನ್ವಯಿಸುತ್ತದೆ ಎಂದು ಅದರಲ್ಲಿ ಇರುತ್ತದೆ. ಪಟ್ಟಿಯಲ್ಲಿಲ್ಲದ್ದಕ್ಕೆ ಬಿಲ್ ಹಾಕಿದರೆ ಆ ಹಣದ ಹೊರೆ ಪಾರ್ಟಿಸಿಪಂಟ್ (ಸ್ಕೀಮ್‌ನಲ್ಲಿ ಸಪೋರ್ಟ್ ಪಡೆಯುವ ವ್ಯಕ್ತಿ) ಮೇಲೂ ಬೀಳಬಹುದು. ಹಾಗಾಗಿ ಇದು ಆಫೀಸಿನವರ ತಲೆನೋವು ಅಂತ ಬಿಡೋಕಾಗಲ್ಲ.

ಇನ್ನು ಕಲಿಸುವುದು. ನಾನು ಸ್ಲೈಡ್ ಬಿಟ್ಟು, ಅವರದೇ ಹಿಂದಿನ ವಾರದ ನೋಟ್‌ಗಳನ್ನು ಹೆಸರು ಅಳಿಸಿ ಮೇಜಿನ ಮೇಲೆ ಇಡುತ್ತೇನೆ. ಒಂದೊಂದಕ್ಕೂ ಒಂದೇ ಪ್ರಶ್ನೆ: "ಇದನ್ನು ಅವರೊಬ್ಬರೇ ಯಾಕೆ ಮಾಡೋಕಾಗಲ್ಲ?" ಮೊದಲು ಬರುವ ಉತ್ತರ "ಆಟಿಸಂ ಇದೆ ಸರ್". ಅಲ್ಲಿಗೆ ಬಿಡಬೇಡಿ. ಆಟಿಸಂ ಇದ್ದೂ ಒಬ್ಬರೇ ಶಾಪಿಂಗ್ ಮಾಡುವವರು ಎಷ್ಟೋ ಜನ ಇದ್ದಾರೆ ಅಲ್ವಾ? ಮತ್ತೆ ಕೇಳಿ. "ಸೂಪರ್ ಮಾರ್ಕೆಟ್‌ನ ಸದ್ದು, ಲೈಟು ತಡೆಯೋಕಾಗಲ್ಲ, ಸಾಮಾನು ಬಿಟ್ಟು ಹೊರಗೆ ಓಡಿಬಿಡ್ತಾರೆ" ಎನ್ನುತ್ತಾರೆ. ಬರೆಯಬೇಕಾದ್ದು ಅದೇ. ಅದನ್ನು ಕಣ್ಣಾರೆ ನೋಡಿದವರು ವರ್ಕರ್. ಯಾವ ಸಪೋರ್ಟ್‌ಗೆ ಎಷ್ಟು ಹಣ ಅಂತ ಪ್ಲ್ಯಾನ್ ಮಾಡುವವರು ನೋಡಿಲ್ಲ.

ಆಕ್ಯುಪೇಷನಲ್ ಥೆರಪಿಸ್ಟ್, ಸಿಡ್ನಿ

ಮೇಲಿನವರ ಮಾತು ಸರಿಯಾಗಿದೆ. ನಮ್ಮ ಕಡೆಯಿಂದ ಬಂದವರಿಗೆ ಇದು ತಡವಾಗಿ ಹಿಡಿಸಲು ಒಂದು ಕಾರಣ ಇದೆ. ಊರಲ್ಲಿ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಅಂದ ಕೂಡಲೇ ಎಷ್ಟು ಪರ್ಸೆಂಟ್ ಅಂತ ಕೇಳುತ್ತೇವೆ. ಅಲ್ಲಿ ಭಾರತದ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ, ಎಷ್ಟೋ ಸೌಲಭ್ಯಕ್ಕೆ 40 ಪರ್ಸೆಂಟ್ ಆಗಬೇಕು. ಇಲ್ಲಿ ನೋಡುವುದೇ ಬೇರೆ. ಮಾತುಕತೆ, ಜನರ ಜೊತೆ ಬೆರೆಯುವುದು, ಕಲಿಯುವುದು, ಓಡಾಟ, ಮೈ ಆರೈಕೆ, ತನ್ನ ವ್ಯವಹಾರ ತಾನು ನೋಡಿಕೊಳ್ಳುವುದು. ಈ ಆರರಲ್ಲಿ ದಿನನಿತ್ಯ ಎಲ್ಲಿ ತಡೆಯುತ್ತದೆ ಅನ್ನೋದು ಮುಖ್ಯ.

ನಾನು ಟ್ರೇನಿಂಗ್‌ನಲ್ಲಿ ಉಪ್ಪಿಟ್ಟು ಮಾಡುವುದನ್ನು ಹಂತ ಹಂತವಾಗಿ ಬರೆಸುತ್ತೇನೆ. ಎಲ್ಲರಿಗೂ ಬರುವ ಅಡುಗೆ, ಬೇಗ ಬರೆಯುತ್ತಾರೆ. ರವೆ ಡಬ್ಬಿ ಇಳಿಸುವುದು, ಈರುಳ್ಳಿ ಹೆಚ್ಚುವುದು, ಸಾಸಿವೆ ಸಿಡಿಯುವವರೆಗೆ ಕಾಯುವುದು, ಕುದಿಯುವ ನೀರು ಸುರಿಯುವುದು, ಗಂಟಾಗದ ಹಾಗೆ ಕೈಯಾಡಿಸುವುದು, ಒಲೆ ಆರಿಸುವುದು. ಆಮೇಲೆ ಇಬ್ಬರನ್ನು ಕೊಡುತ್ತೇನೆ. ಒಬ್ಬರಿಗೆ ಸ್ಟ್ರೋಕ್ ಆಗಿ ಬಲಗೈಯಲ್ಲಿ ಹಿಡಿತ ಇಲ್ಲ. ಇನ್ನೊಬ್ಬರಿಗೆ ತಲೆಗೆ ಪೆಟ್ಟು ಬಿದ್ದು ಮರೆವು, ಕೈಕಾಲಿಗೆ ಏನೂ ಆಗಿಲ್ಲ. ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಗೆರೆ ಹಾಕಿಸುತ್ತೇನೆ.

ಮೊದಲನೆಯವರು ಈರುಳ್ಳಿಯ ಹತ್ತಿರ, ಬಿಸಿನೀರಿನ ಹತ್ತಿರ ನಿಲ್ಲುತ್ತಾರೆ. ಎರಡನೆಯವರು ಹೆಚ್ಚುತ್ತಾರೆ, ಹುರಿಯುತ್ತಾರೆ. ಆದರೆ ಫೋನ್ ಬಂದರೆ ಒಲೆ ಉರಿಯುತ್ತಿರುವುದೇ ಮರೆತುಹೋಗುತ್ತದೆ. ಬಿಲ್‌ನಲ್ಲಿ ಇಬ್ಬರಿಗೂ "ಅಡುಗೆಗೆ ಸಹಾಯ". ಒಬ್ಬರಿಗೆ ಬೇಕಾದ್ದು ಕೈ, ಇನ್ನೊಬ್ಬರಿಗೆ ಬೇಕಾದ್ದು ಪಕ್ಕದಲ್ಲಿ ನಿಂತು ನೆನಪಿಸುವವರು. ಎರಡನೆಯವರ ಕೈಯಿಂದ ಚಾಕು ಕಿತ್ತುಕೊಂಡು ನಾವೇ ಹೆಚ್ಚಿದರೆ ಅವರಿಗೆ ಅನ್ಯಾಯ. ಇಷ್ಟು ತಿಳಿದ ಮೇಲೆ ನೋಟ್ ತಾನಾಗಿ ಬದಲಾಗುತ್ತದೆ: "ಬಲಗೈಯಲ್ಲಿ ಹಿಡಿತ ಇಲ್ಲದ ಕಾರಣ ಈರುಳ್ಳಿ ನಾನು ಹೆಚ್ಚಿದೆ, ಬಿಸಿನೀರು ನಾನು ಸುರಿದೆ. ಒಗ್ಗರಣೆ ಹಾಕಿದ್ದು, ಕೈಯಾಡಿಸಿದ್ದು ಅವರೇ, ಎಡಗೈಯಲ್ಲಿ."

ಇದೇ ಅಭ್ಯಾಸದಲ್ಲಿ ಇನ್ನೊಂದು ಮಾತೂ ಹೇಳಿಬಿಡಿ. ರವೆ, ಈರುಳ್ಳಿ, ಎಣ್ಣೆಯ ದುಡ್ಡು ಅವರದೇ. ದಿನಸಿ ಎಲ್ಲರಿಗೂ ಇರುವ ಖರ್ಚು, ಎನ್‌ಡಿಐಎಸ್ ಕೊಡುವುದಿಲ್ಲ.

ಒಬ್ಬ ತಾಯಿ, ಬ್ರಿಸ್ಬೇನ್

ನಾನು ಟ್ರೇನರ್ ಅಲ್ಲ. ಮಗನಿಗೆ ಬೌದ್ಧಿಕ ನ್ಯೂನತೆ ಇದೆ, ವರ್ಕರ್‌ಗಳು ಮನೆಗೆ ಬರುತ್ತಾರೆ. ಆ ಕಡೆಯಿಂದ ಎರಡು ಮಾತು.

ಹೊಸ ನಿಯಮ ಬಂದ ಮೇಲೆ ಒಂದು ಸಂಸ್ಥೆಯವರು "ಸ್ವಿಮ್ಮಿಂಗ್ ಇಂಪೇರ್‌ಮೆಂಟ್‌ಗೆ ಬರಲ್ಲ" ಅಂತ ಹೇಳಿ ಕರೆದುಕೊಂಡು ಹೋಗುವುದನ್ನೇ ನಿಲ್ಲಿಸಿದರು. ಪೂಲ್‌ನ ಟಿಕೆಟ್ ಯಾವಾಗಲೂ ನಾವೇ ಕೊಡುತ್ತಿದ್ದೆವು. ವರ್ಕರ್ ಬೇಕಾಗಿದ್ದು ಈಜು ಕಲಿಸೋಕಲ್ಲ. ಅವನಿಗೆ ಬಸ್ ನಂಬರ್ ಓದೋಕೆ ಬರಲ್ಲ, ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರಾದರೂ ಗದರಿದರೆ ಏನು ಮಾಡಬೇಕು ಗೊತ್ತಾಗಲ್ಲ, ಅದಕ್ಕೆ. ಟ್ರೇನಿಂಗ್ ಅರ್ಧಂಬರ್ಧ ಆದರೆ ವರ್ಕರ್‌ಗಳು ಭಯಬಿದ್ದು ಎಲ್ಲದಕ್ಕೂ ಇಲ್ಲ ಅನ್ನುತ್ತಾರೆ. ನಷ್ಟ ನನ್ನ ಮಗನಿಗೆ. ಇದನ್ನು ದಯವಿಟ್ಟು ನಿಮ್ಮ ಹುಡುಗರಿಗೆ ಹೇಳಿ ತಂಗಿ.

ಇನ್ನೊಂದು, ಬರೀ ಆಗಲ್ಲ ಆಗಲ್ಲ ಅಂತ ಬರೆಯಬೇಡಿ. ಈಗ ಬರುವ ಹುಡುಗಿ ಬರೆದದ್ದನ್ನು ಅವನಿಗೆ ಓದಿ ಹೇಳಿ ಆಮೇಲೆ ಕಳಿಸುತ್ತಾಳೆ. ಅವನು "ಜಿಪ್ ನಾನೇ ಹಾಕಿದ್ದು, ಅದನ್ನೂ ಬರಿ" ಅಂತ ತಿದ್ದುತ್ತಾನೆ.

ನರ್ಸ್, ಪರ್ತ್

ಡಯಾಬಿಟಿಸ್ ಇದ್ದ ಕಡೆ ತುಂಬಾ ಗೊಂದಲ ಆಗುತ್ತದೆ, ಇದನ್ನೂ ಸೇರಿಸಿಕೊಳ್ಳಿ. ಸಕ್ಕರೆ ಕಾಯಿಲೆಯ ಚಿಕಿತ್ಸೆ ಆರೋಗ್ಯ ವ್ಯವಸ್ಥೆಯ ಕೆಲಸ, ನಿಜ. ಆದರೆ ಬೌದ್ಧಿಕ ನ್ಯೂನತೆಯಿಂದಾಗಿ ಮೀಟರ್ ಓದಲು, ಡೋಸ್ ಲೆಕ್ಕ ಹಾಕಲು ಬಾರದವರಿಗೆ ಅದನ್ನು ದಿನಾ ನೋಡಿಕೊಳ್ಳುವ ಸಹಾಯ ಎನ್‌ಡಿಐಎಸ್‌ನಲ್ಲಿ ಬರಬಹುದು. 2019ರ ಅಕ್ಟೋಬರ್‌ನಿಂದ ಹೀಗಿದೆ. ನೋಟ್‌ನಲ್ಲಿ "ಡಯಾಬಿಟಿಸ್‌ಗೆ ಇನ್ಸುಲಿನ್ ಕೊಟ್ಟೆ" ಎಂದಷ್ಟೇ ಬರೆದರೆ ಆ ಕೊಂಡಿಯೇ ಕಾಣುವುದಿಲ್ಲ. ಇನ್ನು, ಇಂಜೆಕ್ಷನ್ ಕೊಡುವವರಿಗೆ ಅದರ ಟ್ರೇನಿಂಗ್ ಬೇರೆಯಾಗಿ ಆಗಿರಲೇಬೇಕು. ಅದರಲ್ಲಿ ರಾಜಿ ಬೇಡ.

ಟೀಮ್ ಲೀಡರ್, ಮೆಲ್ಬರ್ನ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮ, ನೀವು ಹೇಳಿದ್ದನ್ನು ಮೊದಲೇ ಹೇಳುತ್ತೇನೆ. ಇನ್ನೊಂದು ಪ್ರಶ್ನೆ. ಒಬ್ಬರ ನೋಟಿಸ್‌ನಲ್ಲಿ ಇರುವುದು ಸೈಕೋಸೋಶಿಯಲ್ ಮಾತ್ರ. ಈಗ ಅವರಿಗೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತೋಕಾಗಲ್ಲ. ವರ್ಕರ್ ಏನು ಬರೆಯಬೇಕು?

ಸಪೋರ್ಟ್ ಕೋಆರ್ಡಿನೇಟರ್, ಅಡಿಲೇಡ್

ಕಂಡದ್ದನ್ನು ಕಂಡ ಹಾಗೆ. "ಮೆಟ್ಟಿಲಲ್ಲಿ ಎರಡು ಸಲ ನಿಂತರು, ಕೈ ಹಿಡಿದು ಹತ್ತಿಸಿದೆ." ಪ್ಲ್ಯಾನ್‌ಗೆ ಹೊಂದಲಿ ಅಂತ ಮಂಡಿ ನೋವನ್ನು ಆತಂಕದ ಸಮಸ್ಯೆ ಎಂದು ಬರೆಯುವಂತಿಲ್ಲ. ಸಂಧಿವಾತ ಎಂದು ವರ್ಕರ್ ತಾನೇ ಹೆಸರಿಡುವಂತೆಯೂ ಇಲ್ಲ. ಆ ಹೊತ್ತಿಗೆ ಕೈ ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಶಿಫ್ಟ್ ಮುಗಿದ ಕೂಡಲೇ ನಿಮಗೆ ತಿಳಿಸಬೇಕು. ಅವರನ್ನು ಮೊದಲು ಜಿಪಿ (ಫ್ಯಾಮಿಲಿ ಡಾಕ್ಟರ್) ಹತ್ತಿರ ಕಳಿಸಿ. ವಾಸಿಯಾಗುವಂಥದ್ದಾದರೆ ಅದು ಆರೋಗ್ಯ ವ್ಯವಸ್ಥೆಗೆ ಸೇರಿದ್ದು. ಶಾಶ್ವತ ಎಂದು ಡಾಕ್ಟರ್ ಬರೆದುಕೊಟ್ಟರೆ, ಆ ದಾಖಲೆ ಇಟ್ಟು ದೈಹಿಕ ಇಂಪೇರ್‌ಮೆಂಟ್ ಅನ್ನೂ ಪರಿಗಣಿಸಿ ಎಂದು ಎನ್‌ಡಿಐಎಸ್ ನಡೆಸುವ ಏಜೆನ್ಸಿಯನ್ನು ಕೇಳಬಹುದು. ಪ್ಲ್ಯಾನ್ ಬಗ್ಗೆ ಬಂದ ತೀರ್ಮಾನ ಒಪ್ಪಿಗೆಯಾಗದಿದ್ದರೆ 3 ತಿಂಗಳೊಳಗೆ ಇಂಟರ್ನಲ್ ರಿವ್ಯೂ (ಏಜೆನ್ಸಿಯೊಳಗೇ ಮರುಪರಿಶೀಲನೆ) ಕೇಳಬೇಕು. ಅಲ್ಲೂ ಆಗದಿದ್ದರೆ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯುನಲ್ ಇದೆ. 2024ರ ಅಕ್ಟೋಬರ್ 14ರಿಂದ ಹಳೆಯ ಎಎಟಿ (ಅಡ್ಮಿನಿಸ್ಟ್ರೇಟಿವ್ ಅಪೀಲ್ಸ್ ಟ್ರಿಬ್ಯುನಲ್) ಬದಲಿಗೆ ಅದೇ ಕೆಲಸ ಮಾಡುತ್ತಿದೆ. ಆ ಹೊತ್ತಿಗೆ ನಿಮ್ಮ ವರ್ಕರ್‌ಗಳು ತಾರೀಖು ಹಾಕಿ ಬರೆದ ಮೆಟ್ಟಿಲಿನ ಸಾಲುಗಳು ಒಳ್ಳೆಯ ಆಧಾರ. ಹೆಸರು ತೆಗೆದು, ಈ ಪ್ರಕರಣವನ್ನೇ ಮುಂದಿನ ಟ್ರೇನಿಂಗ್‌ನಲ್ಲಿ ಇಡಿ.